‘ಹಳೆಯ ಮನೆ’ ಗುಂಪು, ಭಾನುವಾರ ರಾತ್ರಿ

ದೊಡ್ಡಪ್ಪ (ಫಾರ್ವರ್ಡ್): 1961ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ, ಕ್ಯಾರೊಲ್ ಕಿಂಗ್ ಹಾಡಿದ ‘ವಿಲ್ ಯು ಲವ್ ಮಿ ಟುಮಾರೊ’. ಆ ಕಾಲದ ಪ್ರೀತಿ ಎಷ್ಟು ನಿರ್ಮಲ! ಈಗಿನ ಹಾಡುಗಳನ್ನು ಮನೆಯವರೊಂದಿಗೆ ಕುಳಿತು ಕೇಳುವ ಹಾಗಿದೆಯೇ? ಎಲ್ಲರಿಗೂ ತಲುಪಿಸಿ.

ಚಿಕ್ಕಮ್ಮ: ನಿಜವಾದ ಮಾತು ಭಾವ.

ನಾನು: ಇದು ಎಲ್ಲಿಂದ ಬಂತು ದೊಡ್ಡಪ್ಪ? ಆಗ ಹಾಡಿದವರು ಶಿರೆಲ್ಸ್. ನ್ಯೂಜೆರ್ಸಿಯ ಪಸೇಯಿಕ್ ಊರಿನ ನಾಲ್ವರು ಕಪ್ಪುವರ್ಣೀಯ ಹುಡುಗಿಯರು, ಶಾಲೆಯ ಗೆಳತಿಯರು. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರ ತುದಿಗೇರಿದ ಕಪ್ಪು ಹುಡುಗಿಯರ ಮೊದಲ ತಂಡ ಅದು. ಕ್ಯಾರೊಲ್ ರಾಗ ಹಾಕಿದವರು, ಸಾಹಿತ್ಯ ಅವರ ಆಗಿನ ಗಂಡ ಜೆರ್ರಿ ಗಾಫಿನ್ ಅವರದು. ಹಾಡಿದವರ ಹೆಸರೇ ಇಲ್ಲವಲ್ಲ!

ದೊಡ್ಡಪ್ಪ: ಯಾರು ಹಾಡಿದರೇನು? ಭಾವನೆ ಮುಖ್ಯ.

ನಾನು: ಭಾವನೆಯನ್ನೇ ಕೇಳಿ ನೋಡಿ. ಈ ರಾತ್ರಿ ಕಳೆದ ಮೇಲೂ ನಿನಗೆ ನನ್ನ ಮೇಲೆ ಪ್ರೀತಿ ಇರುತ್ತದೆಯೇ ಎಂದು ಹುಡುಗಿ ಕೇಳುತ್ತಾಳೆ. ಕೆಲವು ರೇಡಿಯೋ ಕೇಂದ್ರಗಳು ಅದನ್ನು ಹಾಕಲೇ ಇಲ್ಲ. ಅಷ್ಟು ಪ್ರಾಮಾಣಿಕವಾದ ಪ್ರಶ್ನೆ.

ಚಿಕ್ಕಮ್ಮ: ಮಕ್ಕಳಿರುವ ಗುಂಪಿನಲ್ಲಿ ಇದೆಲ್ಲ ಬೇಕೇ?

ನಾನು: ಕಳುಹಿಸಿದ್ದು ನಾನಲ್ಲ ಚಿಕ್ಕಮ್ಮ.

ದೊಡ್ಡಪ್ಪ: ದೊಡ್ಡವರ ತಪ್ಪು ಹುಡುಕುವುದೇ ಇವಳ ಕೆಲಸ. ತಂಗಿಯ ಲಗ್ನಪತ್ರಿಕೆಯಲ್ಲೂ ಹೀಗೇ ಮಾಡಿದಳು.

ನಾನು: ಅದರಲ್ಲಿ ಅಜ್ಜಿಯ ಹೆಸರೇ ಬಿಟ್ಟುಹೋಗಿತ್ತು ದೊಡ್ಡಪ್ಪ!

ಅತ್ತೆ: ಈಗ ಹಾಡು ಕೇಳಿದೆ. ಪಿಟೀಲು ಎಷ್ಟು ಇಂಪಾಗಿದೆ! ಅಣ್ಣ, ನೀನು ನಡುಮನೆಯ ರೇಡಿಯೋದ ಗುಂಡಿಯನ್ನು ಕೂದಲೆಳೆಯಷ್ಟೇ ತಿರುಗಿಸಿ ಸಿಲೋನ್ ಹಿಡಿಯುತ್ತಿದ್ದೆ. ಇಂಗ್ಲಿಷ್ ಹಾಡು ಬಂದರೆ ಅಪ್ಪಯ್ಯ ಏಳುವ ಮೊದಲೇ ಸದ್ದು ತಗ್ಗಿಸುತ್ತಿದ್ದೆವು. ಅರ್ಥ ಯಾರಿಗೆ ಗೊತ್ತಿತ್ತು?

ನಾನು: ಅತ್ತೆ, ಮುಖ್ಯ ಗಾಯಕಿ ಶರ್ಲಿ ಓವೆನ್ಸ್ ಅವರಿಗೆ ಮೊದಲು ಈ ಹಾಡು ಹಿಡಿಸಿರಲಿಲ್ಲ. ಪಿಟೀಲುಗಳು ಸೇರಿದ ಮೇಲೆ ಒಪ್ಪಿದರು. ಅವುಗಳ ಸ್ವರ ಬರೆದ ಕ್ಯಾರೊಲ್‌ಗೆ ಆಗ 18 ವರ್ಷ, ತೊಡೆಯ ಮೇಲೆ ಕೈಗೂಸು.

ಚಿಕ್ಕಪ್ಪ: ಆ ರೇಡಿಯೋ ಎಲ್ಲಿದೆ? ಮನೆ ಪಾಲಾದಾಗ ಕೆಟ್ಟುಹೋಯಿತು, ಎಸೆದೆ ಎಂದಿದ್ದಿರಿ ಅಣ್ಣ.

ದೊಡ್ಡಪ್ಪ: ಆ ವಿಷಯ ಈಗೇಕೆ?

ಚಿಕ್ಕಪ್ಪ: ಕೇಳಿದ್ದಕ್ಕೆ ಉತ್ತರ ಕೊಡಿ.

ಅತ್ತೆ: ಅದು ನನಗೆಂದು ಅಮ್ಮ ಹೇಳಿದ್ದಳು. ಎಲ್ಲರ ಎದುರಿಗೇ ಹೇಳಿದ್ದಳು.

ಚಿಕ್ಕಮ್ಮ: ನಾನು ಅಡುಗೆಮನೆಯಲ್ಲಿದ್ದೆ, ನನಗೆ ಗೊತ್ತಿಲ್ಲ.

ದೊಡ್ಡಪ್ಪ: ಅಟ್ಟದ ಮೇಲಿದೆ. ಹಿಂದಿನ ಮುಚ್ಚಳವಿಲ್ಲ, ವೈರನ್ನು ಇಲಿ ಕಡಿದಿದೆ. ಎಸೆಯಲು ಮನಸ್ಸಾಗಲಿಲ್ಲ.

ಅತ್ತೆ: ಶನಿವಾರ ಬರುತ್ತೇನೆ. ಮುಚ್ಚಳ ಹುಡುಕಿಡು.

(ಈ ಸಂದೇಶವನ್ನು ದೊಡ್ಡಪ್ಪ ಅಳಿಸಿದ್ದಾರೆ.)

ನಾನು: ಹಾಡನ್ನು ಏಕೆ ಅಳಿಸಿದಿರಿ? ಶಿರೆಲ್ಸ್ ಹೆಸರು ಸೇರಿಸಿ ಮತ್ತೆ ಹಾಕಿ ದೊಡ್ಡಪ್ಪ.