ಮದ್ರಸಾ ಉಸ್ತಾದರಿಗೆ ತಜ್ವೀದ್ ತರಬೇತಿ: ಮಾಡಿಸಿದವರು ಸ್ವಲ್ಪ ಹೇಳಿ

ಮೂಡಿಗೆರೆಯಿಂದ ಪ್ರಶ್ನೆ:

ಸುತ್ತಲಿನ ಮದ್ರಸಾಗಳ ಉಸ್ತಾದರಿಗೆ (ಪಾಠ ಮಾಡುವವರಿಗೆ) ತಜ್ವೀದ್, ಅಂದರೆ ಕುರ್‌ಆನ್ ಸರಿಯಾಗಿ ಉಚ್ಚರಿಸಿ ಓದುವ ಕ್ರಮದ ತರಬೇತಿ ಕೊಡಿಸಬೇಕು ಅಂತ ನಮ್ಮ ಜಮಾಅತ್ ಕಮಿಟಿ ತೀರ್ಮಾನ ಮಾಡಿದೆ. ಕೆಲವರು ಕೇರಳದಲ್ಲಿ ಓದಿದವರು, ಕೆಲವರು ಉರ್ದು ಮದ್ರಸಾಗಳಿಂದ ಬಂದವರು. ಇಬ್ಬರು ಹಿರಿಯರೂ ಇದ್ದಾರೆ, ಅವರಿಗೆ ಬೇಸರ ಆಗಬಾರದು. ಮೂರು ದಿನದ ಶಿಬಿರ ಸಾಕಾ? ಯಾವಾಗ ಇಡುವುದು? ಏನೇನು ಕಲಿಸಬೇಕು?

ಹಾಸನದಿಂದ, ಮದ್ರಸಾದಲ್ಲಿ ಪಾಠ ಮಾಡುವವರು:

ಮೂರು ದಿನದಲ್ಲಿ ನಿಯಮ ಹೇಳಿ ಮುಗಿಸಬಹುದು, ನಾಲಿಗೆ ತಿದ್ದುವುದಕ್ಕೆ ಆಗುವುದಿಲ್ಲ. ನಿಯಮ ನಿಮ್ಮ ಉಸ್ತಾದರಿಗೆ ಆಗಲೇ ಗೊತ್ತಿರುತ್ತದೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಇಝ್ಹಾರ್, ಇದ್ಗಾಮ್, ಇಕ್ಲಾಬ್, ಇಖ್ಫಾ ಅಂತ ನೂನ್ ಅಕ್ಷರದ ನಾಲ್ಕು ನಿಯಮ ಒಪ್ಪಿಸುತ್ತಾರೆ. ತೊಂದರೆ ಇರುವುದು ಓದುವಾಗ. ಇದು ಬಾಯಿಂದ ಕಿವಿಗೆ ಬಂದ ವಿದ್ಯೆ ಅಲ್ವಾ? ಒಬ್ಬರು ಓದಬೇಕು, ಬಲ್ಲವರು ಎದುರು ಕೂತು ಕೇಳಬೇಕು. ಹಾಗಾಗಿ ಕಾರಿ ಸಾಹೇಬರನ್ನು (ಕುರ್‌ಆನ್ ಓದು ಬಲ್ಲವರನ್ನು) ಭಾಷಣಕ್ಕೆ ಕರೆಸಬೇಡಿ, ಕೇಳುವುದಕ್ಕೆ ಕರೆಸಿ. ವಾರಕ್ಕೊಮ್ಮೆ, ಒಬ್ಬೊಬ್ಬರಿಗೂ ಕಾಲು ಗಂಟೆ, ಕೆಲವು ತಿಂಗಳು ನಡೆಸಿ.

ಮೊದಲು ಯಾರ ನಾಲಿಗೆ ಎಲ್ಲಿ ಜಾರುತ್ತದೆ ಅಂತ ಗುರುತು ಮಾಡಿಕೊಳ್ಳಿ. ನಮ್ಮ ಕಡೆ ಅದು ಮನೆಮಾತನ್ನು ನೋಡಿಕೊಂಡು ಹೋಗುತ್ತದೆ. ದಖ್ಖನಿ ಉರ್ದು ಮಾತಾಡುವವರ ಬಾಯಲ್ಲಿ ಬಡಾ ಕಾಫ್ (ಬಾಯಿಯ ಹಿಂಭಾಗದಿಂದ ಬರುವ ಅಕ್ಷರ, ق) ‘ಖ’ ಆಗಿಬಿಡುತ್ತದೆ. ‘ಕುಲ್ ಹುವಲ್ಲಾಹು’ ಹೋಗಿ ‘ಖುಲ್ ಹುವಲ್ಲಾಹು’. ತಿದ್ದಲು ಹೋಗಿ ಛೋಟಾ ಕಾಫ್ (ನಮ್ಮ ‘ಕ’ದಂಥದ್ದು, ك) ಮಾಡಿದರೆ ಅದು ಇನ್ನೊಂದು ತಪ್ಪು. ಬಡಾ ಕಾಫಿನ ‘ಕಲ್ಬ್’ ಅಂದರೆ ಹೃದಯ, ಛೋಟಾ ಕಾಫಿನದು ನಾಯಿ. ಅರ್ಥವನ್ನೇ ಕೆಡಿಸುವ ಇಂಥದ್ದು ಲಹ್ನ್ ಜಲಿ (ಎದ್ದು ಕಾಣುವ ತಪ್ಪು), ಮೊದಲು ಇದನ್ನು ಹಿಡಿಯಿರಿ. ಗುನ್ನ (ಮೂಗಿನಿಂದ ಬರುವ ಸದ್ದು) ಒಂದಿಷ್ಟು ಕಮ್ಮಿ ಆಯಿತು ಅನ್ನುವಂಥ ಲಹ್ನ್ ಖಫಿ (ಸೂಕ್ಷ್ಮ ತಪ್ಪು) ಆಮೇಲೆ ನೋಡಿದರಾಯಿತು.

ಕೇರಳದ ಕ್ರಮದಲ್ಲಿ ಓದಿದವರು ಫಾತಿಹಾದ ಕೊನೆಗೆ ‘ವಲಳ್ಳಾಲ್ಲೀನ್’ ಅನ್ನುತ್ತಾರೆ, ಅಲ್ಲಿ ಳಕಾರ ಕೇಳುತ್ತದೆ. ಉರ್ದು ಕಡೆಯವರು ಅದೇ ಅಕ್ಷರವನ್ನು (ಅರಬಿಯ ض) ‘ದ’ ಅಥವಾ ‘ಝ’ ಮಾಡುತ್ತಾರೆ. ಮಖ್ರಜ್ (ಅಕ್ಷರ ಹುಟ್ಟುವ ಜಾಗ) ಪ್ರಕಾರ ನಾಲಿಗೆಯ ಪಕ್ಕದ ಅಂಚು ಮೇಲಿನ ದವಡೆ ಹಲ್ಲಿಗೆ ತಾಗಬೇಕು. ಇದರ ಮೇಲಿನ ಜಗಳ ಬಹಳ ಹಳೆಯದು. ದಯವಿಟ್ಟು ಮೊದಲ ದಿನವೇ ಈ ಅಕ್ಷರ ಎತ್ತಬೇಡಿ, ಊಟದ ಹೊತ್ತಿಗೆ ಎರಡು ಪಾರ್ಟಿ ಆಗಿರುತ್ತದೆ!

ಕನ್ನಡದ ಅಭ್ಯಾಸವೂ ಒಂದಿದೆ. ಬಸ್ಸು, ಕಾರು ಅಂತ ಎಲ್ಲದಕ್ಕೂ ಬಾಲಕ್ಕೆ ‘ಉ’ ಹಚ್ಚುವವರು ನಾವು. ಇಖ್ಲಾಸ್ ಸೂರಾದಲ್ಲಿ ‘ಅಹದ್’, ‘ಸಮದ್’ ಅಂತ ನಿಲ್ಲಿಸುವಾಗ ದಾಲ್‌ಗೆ ಕಲ್ಕಲ ಬರಬೇಕು. ಸದ್ದು ಚಿಮ್ಮಬೇಕು, ಸ್ವರ ಸೇರಬಾರದು. ಮಕ್ಕಳು ‘ಅಹದು’, ‘ಸಮದು’ ಅಂತ ಮುಗಿಸುತ್ತಾರೆ. ಆದರೆ ಅದೇ ಕನ್ನಡ ಬೇರೆ ಕಡೆ ಕೈ ಹಿಡಿಯುತ್ತದೆ. ಹ್ರಸ್ವ, ದೀರ್ಘ, ಒತ್ತಕ್ಷರ ಶಾಲೆಯಲ್ಲಿ ಕಲಿತ ಮಗುವಿಗೆ ಮದ್ದ್ (ಸ್ವರ ಎಳೆಯುವುದು), ಶದ್ದ್ (ಅಕ್ಷರ ಒತ್ತುವುದು) ಹೇಳಿಕೊಡುವುದು ಸುಲಭ. ಇದನ್ನು ಬಳಸಿಕೊಳ್ಳುವ ಉಸ್ತಾದರು ಯಾಕೋ ಕಮ್ಮಿ.

ಸಕಲೇಶಪುರದಿಂದ, ಹೆಣ್ಣುಮಕ್ಕಳಿಗೆ ಕಲಿಸುವವರು:

ಓದಿನ ಬಗ್ಗೆ ಮೇಲೆ ಹೇಳಿದ್ದು ಸರಿ. ಆದರೆ ಚೆನ್ನಾಗಿ ಓದುವವರೆಲ್ಲ ಚೆನ್ನಾಗಿ ಕಲಿಸುವುದಿಲ್ಲ. ದೊಡ್ಡ ಕೆಟ್ಟ ಅಭ್ಯಾಸ ಅಂದರೆ ಹೊತ್ತು ಪೂರ್ತಿ ಒಟ್ಟಾಗಿ ಕೂಗಿಸುವುದು. ಹೊರಗೆ ನಿಂತ ತಂದೆತಾಯಿಗೆ ಖುಷಿ, ಒಳಗೆ ಒಬ್ಬರ ತಪ್ಪೂ ಕೇಳಿಸುವುದಿಲ್ಲ. ಹೊಸ ಸಬಖ್ (ಪಾಠ) ಒಮ್ಮೆ ಒಟ್ಟಿಗೆ, ಆಮೇಲೆ ಸಾಲುಸಾಲಾಗಿ, ಆಮೇಲೆ ಒಬ್ಬೊಬ್ಬರೇ. ಶಾಲೆ ಬಸ್ ಬರುವುದರೊಳಗೆ ಎಲ್ಲರನ್ನೂ ಕೇಳಲು ಟೈಮ್ ಸಾಲದು ಅನ್ನುತ್ತಾರೆ. ಹಾಗಾದರೆ ಇವತ್ತು ಕೆಲವರದು ಪೂರ್ತಿ ಕೇಳಿ, ನಾಳೆ ಉಳಿದವರದು. ಕಾಯುವವರು ಬರೆಯುತ್ತಿರಲಿ.

ತಿದ್ದುವ ರೀತಿಗೂ ತರಬೇತಿ ಬೇಕು. ಮಗು ತಪ್ಪಿದ ಕೂಡಲೇ ಉಸ್ತಾದರೇ ಸರಿಯಾದದ್ದು ಹೇಳಿಬಿಡುತ್ತಾರೆ, ಮಗು ಗಿಳಿ ಹಾಗೆ ಒಪ್ಪಿಸುತ್ತದೆ. ಅದರ ಬದಲು ಆ ಅಕ್ಷರದ ಮೇಲೆ ಬೆರಳಿಟ್ಟು ಸುಮ್ನೆ ಕಾಯಿರಿ. ಬಹಳ ಸಲ ತಾನೇ ಸರಿ ಮಾಡಿಕೊಳ್ಳುತ್ತದೆ.

ಇನ್ನು ಖರ್ಚಿಲ್ಲದ ಎರಡು ಉಪಾಯ. ಒಂದು ಕೈಗನ್ನಡಿ: ಮೂರು ಚುಕ್ಕೆಯ ಸಾ ಹೇಳುವಾಗ ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲಿನ ಅಂಚಿನಲ್ಲಿ ಕಾಣಬೇಕು, ಸೀನ್ ಹೇಳುವಾಗ ಕಾಣಬಾರದು. ಎರಡನೆಯದು ಮೂಗು: ‘ವನ್ನಾಸ್’ ಅನ್ನುವಾಗ ನೂನ್ ಎಳೆಯುತ್ತಾ ಮೂಗು ಹಿಡಿಸಿ. ಸದ್ದು ನಿಂತರೆ ಗುನ್ನ ಸರಿಯಾಗಿದೆ. ನನ್ನ ಕ್ಲಾಸಿನ ಚಿಕ್ಕವರು ಇದಕ್ಕಾಗಿಯೇ ಬೇಗ ಬರುತ್ತಾರೆ.

ಬೆತ್ತ ಒಳಗೆ ಬರಕೂಡದು. ಹೆದರಿದ ಮಗುವಿನ ಗಂಟಲು ಬಿಗಿಯುತ್ತದೆ. ಐನ್, ಹಾ ಎರಡೂ ಬರಬೇಕಾದದ್ದು ಆ ಗಂಟಲಿನಿಂದಲೇ. ಶಿಬಿರದಲ್ಲಿ ನಿಜವಾದ ಮಕ್ಕಳನ್ನು ಕೂರಿಸಿ ಪ್ರತಿ ಉಸ್ತಾದರಿಂದ ಹತ್ತು ನಿಮಿಷ ಪಾಠ ಮಾಡಿಸಿ. ಮಕ್ಕಳು ಎಷ್ಟು ಹೊತ್ತು ಓದಿದರು, ಉಸ್ತಾದರು ಎಷ್ಟು ಹೊತ್ತು ಮಾತಾಡಿದರು ಅಂತ ಉಳಿದವರು ಬರೆದುಕೊಳ್ಳಲಿ. ಮತ್ತೆ, ಮುಅಲ್ಲಿಮಾಗಳನ್ನು (ಕಲಿಸುವ ಹೆಂಗಸರನ್ನು) ಪಟ್ಟಿಯಿಂದ ಬಿಡಬೇಡಿ. ಮನೆಯಲ್ಲಿ ಕಾಯಿದಾ (ಅರಬಿ ಅಕ್ಷರ ಕಲಿಸುವ ಮೊದಲ ಪುಸ್ತಕ) ಶುರು ಮಾಡಿಸುವವರು ಜಾಸ್ತಿ ಅವರೇ.

ಚಿಕ್ಕಮಗಳೂರಿನಿಂದ, ಕಮಿಟಿಯಲ್ಲಿರುವವರು:

ಶಿಬಿರವೇ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಎಸ್ಟೇಟಿನ ಮಧ್ಯೆ ಒಬ್ಬರೇ ಇರುವ ಉಸ್ತಾದರಿಗೆ ಇನ್ನೊಬ್ಬ ಉಸ್ತಾದರ ಮುಖ ಕಾಣುವುದೇ ಅಪರೂಪ. ಪರಿಚಯ ಆದ ಮೇಲೆಯೇ ಅಲ್ವಾ ಒಬ್ಬರ ಮುಂದೆ ಒಬ್ಬರು ಓದುವುದು? ಶಿಬಿರದಿಂದ ಶುರು ಮಾಡಿ, ವಾರದ ಓದನ್ನು ಅದಕ್ಕೆ ಜೋಡಿಸಿ.

ರಮಜಾನಿನಲ್ಲಿ ಇಡಬೇಡಿ, ರಾತ್ರಿಯ ತರಾವೀಹ್ ನಮಾಜ್ ಇರುತ್ತದೆ, ಯಾರಿಗೂ ಪುರಸೊತ್ತಿಲ್ಲ. ಕೇರಳ ಪಠ್ಯಕ್ರಮದ ಮದ್ರಸಾಗಳಿಗೆ ರಮಜಾನ್ ಮುಗಿದ ಮೇಲಿನ ಶವ್ವಾಲ್ ತಿಂಗಳಲ್ಲಿ ಹೊಸ ವರ್ಷ ಶುರು, ಬಾಗಿಲು ತೆರೆಯುವ ಮೊದಲಿನ ವಾರ ಒಳ್ಳೆಯದು. ಜುಲೈ ಮಳೆಯಲ್ಲಿ ಮಲೆನಾಡಿನ ರಸ್ತೆ ನಂಬಿ ಏನನ್ನೂ ಇಡಬೇಡಿ. ಬಸ್ ಚಾರ್ಜು, ಊಟ, ಒಂದಿಷ್ಟು ಗೌರವಧನ ಕೊಡಿ. ಅವರ ಸಂಬಳ ಎಷ್ಟು ಅಂತ ನಮಗೆಲ್ಲ ಗೊತ್ತಿದೆ.

ಎಲ್ಲರಿಗೂ ಒಂದೇ ಛಾಪಿನ ಮುಸ್ಹಫ್ (ಕುರ್‌ಆನ್ ಪ್ರತಿ) ಕೊಡಿ. ಉರ್ದು ಕಡೆಯವರದು ಒಂದು ಬರಹ, ಕೇರಳದ ಹಳೆಯ ಛಾಪು ಪೊನ್ನಾನಿ ಲಿಪಿಯದು, ಮದೀನಾ ಛಾಪು ಮತ್ತೊಂದು. ನಿಲ್ಲಿಸುವ ಗುರುತುಗಳೂ ಬೇರೆ. ‘ಪುಟದ ನಾಲ್ಕನೇ ಸಾಲು’ ಅಂದರೆ ಒಬ್ಬೊಬ್ಬರು ಒಂದೊಂದು ಕಡೆ ನೋಡುತ್ತಾರೆ. ಶಾಫಿ, ಹನಫಿ ಎರಡೂ ಪಂಥದವರು ಇರುವಾಗ ನಮಾಜಿನಲ್ಲಿ ಬಿಸ್ಮಿ ಜೋರಾಗಿ ಹೇಳಬೇಕಾ ಅನ್ನುವ ಚರ್ಚೆ ಬಂದೇ ಬರುತ್ತದೆ. ಅದು ತರಬೇತಿಯ ವಿಷಯವಲ್ಲ ಅಂತ ಮೊದಲೇ ಹೇಳಿಬಿಡಿ. ಓದುವುದು ಇಬ್ಬರೂ ಹಫ್ಸ್ ರಿವಾಯತ್ತನ್ನೇ, ಅಂದರೆ ಒಂದೇ ಪರಂಪರೆಯ ಓದನ್ನೇ.

ಮೂಡಿಗೆರೆಯಿಂದ ಮತ್ತೆ:

ಎಲ್ಲರಿಗೂ ಶುಕ್ರಿಯಾ. ಹಿರಿಯರ ವಿಷಯ ಯಾರೂ ಹೇಳಲಿಲ್ಲ. ವಾರ ವಾರ ಕಾರಿ ಸಾಹೇಬರು ಬರಲಾಗದಿದ್ದರೆ ಫೋನಿನಲ್ಲಿ ಆಗುತ್ತದಾ?

ಹಾಸನದಿಂದ:

ಹಿರಿಯರನ್ನು ಎಲ್ಲರ ಎದುರು ಓದಿಸಬೇಡಿ. ಫಜ್ರ್ (ಬೆಳಗಿನ ನಮಾಜ್) ಆದ ಮೇಲೆ ಮಸೀದಿಯಲ್ಲೇ ಕಾರಿ ಸಾಹೇಬರೊಬ್ಬರೇ ಅವರ ಜೊತೆ ಕೂರಲಿ. ಕಷ್ಟಪಟ್ಟು ತಡವರಿಸಿ ಓದುವವರಿಗೆ ಎರಡು ಪ್ರತಿಫಲ ಅಂತ ಹದೀಸ್ ಇದೆ, ಅದು ಅವರಿಗೂ ಗೊತ್ತು. ಪಾಠ ಮಾಡುವ ಭಾಗಕ್ಕೆ ಅವರನ್ನೇ ಮುಂದೆ ಕೂರಿಸಿ. ಮಕ್ಕಳನ್ನು ಸುಧಾರಿಸುವುದು ಹುಡುಗ ಉಸ್ತಾದರಿಗಿಂತ ಅವರಿಗೇ ಚೆನ್ನಾಗಿ ಬರುತ್ತದೆ.

ಫೋನು ಆಗುತ್ತದೆ, ಅರ್ಧ ಪುಟ ಓದಿ ವಾಯ್ಸ್ ಮೆಸೇಜ್ ಕಳಿಸಲಿ. ಆದರೆ ಫೋನಿನಲ್ಲಿ ಸ್ವಾದ್, ಸೀನ್ ವ್ಯತ್ಯಾಸ ಸರಿಯಾಗಿ ಸಿಗುವುದಿಲ್ಲ, ತುಟಿ ನಾಲಿಗೆ ಕಾಣುವುದೂ ಇಲ್ಲ. ಅದಕ್ಕೆ ತಿಂಗಳಿಗೊಮ್ಮೆಯಾದರೂ ಮುಖತಃ ಬೇಕು. ಉಳಿದ ದಿನ ಕೇಳುವುದಕ್ಕೆ ಈಜಿಪ್ಟಿನ ಶೇಖ್ ಮಹಮೂದ್ ಖಲೀಲ್ ಅಲ್ ಹುಸರಿ ಅವರ ನಿಧಾನದ ಓದು ಹಾಕಿಕೊಡಿ. 1961ರಲ್ಲಿ ಪೂರ್ತಿ ಕುರ್‌ಆನ್ ರೆಕಾರ್ಡ್ ಮಾಡಿದವರು, ಒಂದೊಂದು ಅಕ್ಷರವೂ ಬಿಡಿಸಿ ಕೇಳಿಸುತ್ತದೆ. ರಾಗ ಚೆನ್ನಾಗಿದೆ ಅಂತ ಬೇರೆ ಯಾರದ್ದೋ ಹಾಕಿದರೆ ಎಲ್ಲರೂ ರಾಗವನ್ನೇ ಕಲಿತು ಬರುತ್ತಾರೆ. ಓದು ಕೇಳಿಸಿಕೊಳ್ಳಲು ಹಾಸನದಿಂದ ಯಾರಾದರೂ ಬೇಕಿದ್ದರೆ ಹೇಳಿ, ಭಾನುವಾರ ಜುಹರ್ (ಮಧ್ಯಾಹ್ನದ ನಮಾಜ್) ಆದ ಮೇಲೆ ನಾನು ಬಿಡುವಾಗಿರುತ್ತೇನೆ.