ಅದಿರಿನ ಕೆಂದೂಳಿನ ಬೂಟ್ ಗುರುತು ಫೋಟೊದಲ್ಲಿ ಏಕೆ ಮಸುಕಾಗುತ್ತೆ?

ಸಂಡೂರು_ಲೆನ್ಸ್
ಅಪರಾಧ ನಡೆದ ಜಾಗದ ಫೋಟೊ ತೆಗೆಯುವುದು ನನ್ನ ಕೆಲಸ. ಸಂಡೂರು ಕಡೆಯ ಗೋದಾಮು, ಆಫೀಸುಗಳಲ್ಲಿ ಅದಿರಿನ ಕೆಂದೂಳು ಮೆತ್ತಿದ ಬೂಟ್ ಗುರುತುಗಳ ಫೋಟೊ ತೆಗೆಯಬೇಕಾಗುತ್ತೆ. ನೆಲ ಕೆಲವು ಕಡೆ ಬೂದು ಸಿಮೆಂಟು, ಕೆಲವು ಕಡೆ ಪಾಲಿಶ್ ಮಾಡಿದ ಕರಿ ಗ್ರಾನೈಟು. ಬಗ್ಗಿ ನೋಡಿದರೆ ಬೂಟಿನ ಅಡಿಯ (ಸೋಲ್) ಗೆರೆಗಳು ಚೆನ್ನಾಗಿಯೇ ಕಾಣುತ್ತವೆ, ಫೋಟೊದಲ್ಲಿ ಮಾತ್ರ ಬರೀ ಕೆಂಪು ಮಸುಕು. 24 ಮೆಗಾಪಿಕ್ಸೆಲ್ ಎಪಿಎಸ್-ಸಿ ಕ್ಯಾಮೆರಾ, 50 ಎಂಎಂ ಲೆನ್ಸ್, ಕ್ಯಾಮೆರಾದ್ದೇ ಫ್ಲ್ಯಾಶ್, ಐಎಸ್‌ಒ 800. ಕ್ಯಾಮೆರಾ ಬದಲಿಸಬೇಕಾ? ಇಲ್ಲ ಫೋಟೊ ಬಿಟ್ಟು ನೇರ ಎಲೆಕ್ಟ್ರೋಸ್ಟ್ಯಾಟಿಕ್ ಲಿಫ್ಟರ್ (ವಿದ್ಯುತ್ ಸೆಳೆತದಿಂದ ಧೂಳಿನ ಗುರುತನ್ನು ಫಿಲ್ಮಿಗೆ ಎತ್ತುವ ಸಾಧನ) ಹಾಕಿಬಿಡಲಾ?

ಓರೆಬೆಳಕು
ಕ್ಯಾಮೆರಾ ಸಾಕು. ತೊಂದರೆ ಇರುವುದು ಆ ಫ್ಲ್ಯಾಶಿನಲ್ಲಿ. ಮೇಲಿಂದ ನೇರ ಬಿದ್ದ ಬೆಳಕಿಗೆ ಧೂಳೂ ನೆಲವೂ ಒಂದೇ ಸಮ ಕಾಣುತ್ತವೆ. ನೀವು ಬಗ್ಗಿ ನೋಡಿದಾಗ ಕಂಡದ್ದು ಕಿಟಕಿಯಿಂದ ಓರೆಯಾಗಿ ಬಂದ ಬೆಳಕಿನಿಂದ.

ಕಿಟಕಿ ಮುಚ್ಚಿ ಕೋಣೆ ಕತ್ತಲು ಮಾಡಿ. ಕ್ಯಾಮೆರಾ ಟ್ರೈಪಾಡ್ ಮೇಲೆ, ಐಎಸ್‌ಒ 100, ಎಫ್ 11, ರಾ ಫೈಲ್ (ಸೆನ್ಸರಿನ ಪೂರ್ತಿ ಮಾಹಿತಿ ಉಳಿಸುವ ಫೈಲ್), 2 ಸೆಕೆಂಡಿನ ಟೈಮರ್. ಶಟರ್ ಎರಡು ಮೂರು ಸೆಕೆಂಡಿಗೆ ಹೋದರೂ ಹೆದರಬೇಡಿ, ಗುರುತು ಎಲ್ಲಿಗೂ ಓಡಲ್ಲ. ಟಾರ್ಚನ್ನು ಬೆಳಕು ನೆಲ ಸವರುವಂತೆ ತಗ್ಗಿಸಿ, 5ರಿಂದ 10 ಡಿಗ್ರಿಯಲ್ಲಿ ಹಿಡಿಯಿರಿ. ಹತ್ತಿರ ಹಿಡಿಯುವುದು ಎಲ್ಲರೂ ಮಾಡುವ ತಪ್ಪು: ಹಿಮ್ಮಡಿಯಿಂದ 30 ಸೆಂ.ಮೀ. ದೂರದಲ್ಲಿದ್ದರೆ 30 ಸೆಂ.ಮೀ. ಆಚೆಯ ಬೆರಳ ತುದಿಗೆ ಕಾಲು ಭಾಗ ಬೆಳಕಷ್ಟೇ ತಲುಪುತ್ತೆ. ಒಂದೂವರೆ ಮೀಟರ್ ಹಿಂದಕ್ಕೆ ಹೋದರೆ ತುದಿಗೂ ನೂರಕ್ಕೆ ಸುಮಾರು 70 ಪಾಲು ಸಿಗುತ್ತೆ. ನಾಲ್ಕೂ ದಿಕ್ಕಿನಿಂದ ಒಂದೊಂದು ಶಾಟ್ ತೆಗೆಯಿರಿ. ಬೆಳಕಿಗೆ ಸಮಾನಾಂತರವಾಗಿರುವ ಗೆರೆ ಆ ದಿಕ್ಕಿನಲ್ಲಿ ಕಾಣುವುದೇ ಇಲ್ಲ.

ಗ್ರಾನೈಟಿಗೆ ಇದು ಹೇಳಿ ಮಾಡಿಸಿದ್ದು. ಪಾಲಿಶ್ ಕಲ್ಲು ಬೆಳಕನ್ನು ಕನ್ನಡಿಯ ಹಾಗೆ ಆಚೆಗೆ ಎಸೆಯುತ್ತೆ, ಧೂಳು ಮಾತ್ರ ಚೆದುರಿಸಿ ಕ್ಯಾಮೆರಾಕ್ಕೆ ಕಳಿಸುತ್ತೆ. ಒರಟು ಸಿಮೆಂಟಿನ ಮೇಲೆ ಅಷ್ಟು ತಗ್ಗಿಸಬೇಡಿ, ಸಿಮೆಂಟಿನ ಕಾಳುಕಾಳೂ ನೆರಳು ಬಿಟ್ಟು ಗುರುತನ್ನು ನುಂಗುತ್ತೆ. ಅಲ್ಲಿ 20-25 ಡಿಗ್ರಿ.

ಸಿಮೆಂಟಿಗೆ ಇನ್ನೊಂದು ಉಪಾಯವಿದೆ, ಬಣ್ಣ. ನಮ್ಮ ಕೆಂದೂಳು ಹೆಮಟೈಟ್. ಅದು ನೀಲಿ, ಹಸಿರನ್ನು ಹೀರಿ 600 ನ್ಯಾನೋಮೀಟರ್ ಮೇಲಿನ ಕೆಂಪನ್ನು ವಾಪಸು ಕೊಡುತ್ತೆ. ಬೂದು ಸಿಮೆಂಟು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿ ಕೊಡುತ್ತೆ. ಹಾಗಾಗಿ 450-470 ನ್ಯಾನೋಮೀಟರಿನ ನೀಲಿ ಎಲ್‌ಇಡಿ ಹಾಕಿದರೆ ನೆಲ ತಿಳಿಯಾಗಿಯೇ ಉಳಿದು ಧೂಳು ಕಪ್ಪಾಗುತ್ತೆ. ಬಿಳಿ ಟೈಲ್ಸ್ ಮೇಲೂ ಅದೇ. ಕರಿ ಗ್ರಾನೈಟಿಗೆ ಉಲ್ಟಾ: ಕೆಂಪು ಬೆಳಕು, ಧೂಳು ಬೆಳ್ಳಗೆ ಎದ್ದು ಕಾಣುತ್ತೆ. ಬೆಳಕು ಬದಲಿಸಿದ ಮೇಲೆ ಫೋಕಸ್ ಮತ್ತೆ ಮಾಡಿ. ಮೊದಲ ಶಾಟ್ ಬಿಳಿ ಬೆಳಕಿನದ್ದೇ ಇರಲಿ, ಅದು ದಾಖಲೆಗೆ.

ಸಂಡೂರು_ಲೆನ್ಸ್
ಧನ್ಯವಾದ ಸರ್. ನೀಲಿ ಲೈಟ್ ಕೈಲಿಲ್ಲದಾಗ ಬಿಳಿ ಬೆಳಕಿನಲ್ಲೇ ತೆಗೆದು ಆಮೇಲೆ ನೀಲಿ ಚಾನೆಲ್ (ಫೋಟೊದ ನೀಲಿ ಬಣ್ಣದ ಪದರ) ಬೇರೆ ಮಾಡಿದರೆ ನಡೆಯುತ್ತಾ?

ಓರೆಬೆಳಕು
ರಾ ಫೈಲಿನಿಂದಾದರೆ ನಡೆಯುತ್ತೆ. ಜೆಪೆಗ್ ಆದರೆ ಬೇಡ, ಅದರಲ್ಲಿ ಬಣ್ಣದ ವಿವರವನ್ನೇ ಮೊದಲು ಹಿಂಡಿರುತ್ತಾರೆ, ನೀಲಿ ಚಾನೆಲ್ ತೆರೆದರೆ ಚೌಕಚೌಕ ಕಲೆ. ಏನೇ ಮಾಡಿದರೂ ನಕಲಿನ ಮೇಲೆ ಮಾಡಿ. ಮೂಲ ಫೈಲಿನ ಹ್ಯಾಶ್ ಮೌಲ್ಯ (ಫೈಲ್ ಬದಲಾದರೆ ತಾನೂ ಬದಲಾಗುವ ಗುರುತು ಸಂಖ್ಯೆ) ಅವತ್ತೇ ಬರೆದಿಡಿ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರಕ್ಕೆ ಅದು ಬೇಕೇ ಬೇಕು.

ಲಿಫ್ಟರ್ ಯಾವತ್ತೂ ಫೋಟೊ ಆದ ಮೇಲೆ. ಫಿಲ್ಮಿನ ಕಪ್ಪು ಮುಖ ಕೆಳಗೆ, ವೋಲ್ಟೇಜ್ ನಿಧಾನಕ್ಕೆ ಏರಿಸಿ, ಗಾಳಿಗುಳ್ಳೆ ರೋಲರಿನಲ್ಲಿ ಒತ್ತಿ. ಒಣ ಧೂಳಿಗೆ ಮಾತ್ರ. ಒದ್ದೆ ಬೂಟಿನಿಂದ ಬಿದ್ದು ಒಣಗಿದ ಗುರುತು ಅದಕ್ಕೆ ಏಳಲ್ಲ, ಅಲ್ಲಿ ಜೆಲಟಿನ್ ಲಿಫ್ಟರ್ (ಗುರುತನ್ನು ಅಂಟಿಸಿಕೊಂಡು ಎತ್ತುವ ಜೆಲ್ ಶೀಟ್) ಬೇಕು. ಬಳ್ಳಾರಿ ಬಿಸಿಲಲ್ಲಿ ಆ ಜೆಲಟಿನ್ ಶೀಟನ್ನು ಜೀಪಿನ ಡಿಕ್ಕಿಯಲ್ಲಿ ಮಾತ್ರ ಬಿಡಬೇಡಿ, ಮೆತ್ತಗಾಗಿ ಅಂಟಿಕೊಳ್ಳುತ್ತೆ.

ಅಳತೆಪಟ್ಟಿ
ಬೆಳಕಿನ ಮಾತೇ ಆಯ್ತು, ಸ್ಕೇಲಿನ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಪ್ರಕಾರ ಫೋಟೊ ಕೆಡುವುದು ಹೆಚ್ಚಾಗಿ ಅಲ್ಲೇ. ನಿಮ್ಮ ಕ್ಯಾಮೆರಾ, 50 ಎಂಎಂ ಲೆನ್ಸಿನಲ್ಲಿ 36 ಸೆಂ.ಮೀ. ಉದ್ದದ ಚೌಕಟ್ಟು ತುಂಬಬೇಕಾದರೆ ಕ್ಯಾಮೆರಾ ಸುಮಾರು 80 ಸೆಂ.ಮೀ. ಎತ್ತರದಲ್ಲಿರುತ್ತೆ. ಗುರುತು ಮಣ್ಣಿನಲ್ಲಿ 1 ಸೆಂ.ಮೀ. ಆಳ ಇದ್ದು ಸ್ಕೇಲ್ ಮೇಲಿನ ನೆಲದ ಮೇಲಿದ್ದರೆ, 300 ಮಿ.ಮೀ. ಬೂಟು 296 ಎಂದು ಅಳತೆಗೆ ಬರುತ್ತೆ. ಅರ್ಧ ಸೈಜ್ ಅಂದರೆ 4.2 ಮಿ.ಮೀ. ಅಲ್ಲಿಗೆ ಸೈಜೇ ತಪ್ಪಿದ ಹಾಗೆ. ಪಕ್ಕದಲ್ಲಿ ಸಣ್ಣ ಗುಳಿ ತೋಡಿ ಸ್ಕೇಲನ್ನು ಗುರುತಿನ ತಳದ ಮಟ್ಟಕ್ಕೆ ಇಳಿಸಿ. ಗುರುತಿನ ಅಂಚು ಕುಸಿಯದಷ್ಟು ದೂರದಲ್ಲಿ ತೋಡಿ.

ಎಲ್ ಆಕಾರದ 15 × 30 ಸೆಂ.ಮೀ. ಸ್ಕೇಲೇ ಬಳಸಿ. ಎರಡು ಬದಿಯ ಸೆಂಟಿಮೀಟರುಗಳು ಫೋಟೊದಲ್ಲಿ ಸಮ ಬರದಿದ್ದರೆ ಕ್ಯಾಮೆರಾ ವಾಲಿದೆ ಎಂದು ಅಲ್ಲೇ ಗೊತ್ತಾಗುತ್ತೆ.

ಎರೆಹೊಲ_ರಾಯಚೂರು
ಇಲ್ಲಿ ನಮ್ಮ ಎರೆ ಮಣ್ಣಿನ ಕಥೆನೇ ಬ್ಯಾರೆ ಅದರೀ. 5 ಡಿಗ್ರಿ, 10 ಡಿಗ್ರಿ ನೆಲದ ಧೂಳಿಗೆ ಸರಿ. 2 ಸೆಂ.ಮೀ. ಆಳದ ಗುರುತಿಗೆ 15 ಡಿಗ್ರಿ ಬೆಳಕು ಬಿಟ್ರ ಅಂಚಿನ ನೆರಳೇ ಏಳೂವರೆ ಸೆಂ.ಮೀ. ಬೀಳ್ತದ, ಅಂದ್ರ ಸೋಲಿನ ಅಗಲದಾಗ ಬಹಳಷ್ಟು ಕತ್ತಲಿ. 45 ಡಿಗ್ರಿಗೆ ಎತ್ತರೀ.

ಕರಿ ಮಣ್ಣು ನೋಡಿ ಕ್ಯಾಮೆರಾ ಆಟೋದಾಗ ಬೆಳಕು ಜಾಸ್ತಿ ಮಾಡ್ತದ, ಬಿಳಿ ಸ್ಕೇಲು ಸುಟ್ಟಂಗ ಆಗಿ ಅಂಕಿನೇ ಕಾಣಂಗಿಲ್ಲ. ಮ್ಯಾನ್ಯುವಲ್‌ನಾಗ ಇಟ್ಟು, ಒಂದು ಸ್ಕೇಲಿಗೆ ಸರಿಯಾಗಿ, ಒಂದು ಮಣ್ಣಿಗೆ ಸರಿಯಾಗಿ, ಕ್ಯಾಮೆರಾ ಅಲುಗಿಸದಂಗ ಎರಡು ತಗೀರಿ. ಹಸಿ ಇದ್ರ ಮಿಂಚ್ತದ, ಟಾರ್ಚಿನ ಮುಂದ ಟ್ರೇಸಿಂಗ್ ಪೇಪರ್ ಹಿಡೀರಿ. ನೀರು ನಿಂತಿದ್ರ ಸಿರಿಂಜಿನಿಂದ ಅಂಚಿಂದ ಎಳೀರಿ, ಬಟ್ಟೆ ಒತ್ತಬ್ಯಾಡ್ರಿ.

ಮುಖ್ಯ ಏನಂದ್ರ ಈ ಮಣ್ಣು ಒಣಗಿದಂಗ ಕುಗ್ಗತದ, ಬಿರುಕೂ ಬಿಡ್ತದ. ಮುಂಜಾನಿ ಅಳತೀನೂ ಮಧ್ಯಾಹ್ನದ ಅಳತೀನೂ ಒಂದಾಗಂಗಿಲ್ಲ. ಅದಕ್ಕ ಫೋಟೊದ ಟೈಮ್ ಬರೀರಿ, ತಡ ಮಾಡದ ಡೆಂಟಲ್ ಸ್ಟೋನ್ (ಹಲ್ಲಿನ ಡಾಕ್ಟರು ಅಚ್ಚಿಗೆ ಬಳಸೋ ಗಟ್ಟಿ ಜಿಪ್ಸಂ ಪುಡಿ) ಕಲಸಿ ಹೊಯ್ರಿ. 900 ಗ್ರಾಂ ಪುಡಿಗೆ 300ರಿಂದ 350 ಮಿ.ಲೀ. ನೀರು, ದೋಸೆ ಹಿಟ್ಟಿನ ಹದ. ನೇರ ಗುರುತಿನ ಮ್ಯಾಲ ಸುರೀಬ್ಯಾಡ್ರಿ, ಪಕ್ಕದಾಗ ಬಿಟ್ಟು ತಾನಾಗೇ ಹರೀಲಿ. ಅರ್ಧ ತಾಸಿಗೆ ಎತ್ತಬಹುದು, ಮೆತ್ತಿದ ಮಣ್ಣು ತೊಳಿಯೋದು ಎರಡು ದಿನ ಆದ ಮ್ಯಾಲ.

ಅಳತೆಪಟ್ಟಿ
ಸಂಡೂರಿನವರಿಗೆ ಒಂದು ಮರೆತಿದ್ದೆ: ಒಳಗೆ ಕಾಲಿಡುವ ಮುಂಚೆ ಸೀಲಿಂಗ್ ಫ್ಯಾನ್ ತಿರುಗುತ್ತಿದೆಯಾ ನೋಡಿ. ಸ್ವಿಚ್ ಮೇಲೆ ಬೆರಳಚ್ಚು ಇದ್ದೀತು, ಪೆನ್ನಿನ ಮೂತಿಯಿಂದ ಅಂಚಿಗೆ ಒತ್ತಿ ಆರಿಸಿ.