ಗ್ರೈಂಡರ್‌ನಲ್ಲಿ ಸಿಡಿಲು, ಗುಂಪಿನಲ್ಲಿ ಗುಡುಗು

ಹೊಸ ಎಸ್ಪ್ರೆಸೊ ಗ್ರೈಂಡರ್ ಬಂದು ಮೂರು ದಿನವಾಗಿತ್ತು. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ.

ನಾನು: 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ 25–30 ಸೆಕೆಂಡಿನಲ್ಲಿ ಇಳಿಯಬೇಕಂತೆ. ನನ್ನದು 12 ಸೆಕೆಂಡಿಗೇ ನಲ್ಲಿ ಬಿಟ್ಟ ಹಾಗೆ ಸುರಿಯುತ್ತಿದೆ. ಇನ್ನೂ ನುಣ್ಣಗೆ ಅರೆಯಬೇಕು, ಗೊತ್ತು. ಆದರೆ ಡಯಲ್ ಅಲ್ಲಾಡುತ್ತಿಲ್ಲ. ಏನು ಮಾಡಲಿ?

ಅಕ್ಕ: ಯಾವುದರಲ್ಲಿ ತೂಗಿದೆ? ಹೋದ ವರ್ಷ ನೀವೆಲ್ಲ ಬಂದು ಹೋದ ಮೇಲೆ ನನ್ನ ಸಣ್ಣ ತೂಕದ ಮೆಷಿನ್ ಕಾಣೆಯಾಗಿದೆ. ಮೂಲೆಯಲ್ಲಿ ಹಸಿರು ನೇಲ್ ಪಾಲಿಶ್ ಕಲೆ ಇದೆ.

ನಾನು: ನನ್ನದು ಬೇರೆ ಅಕ್ಕ. ನಾನು ತಂದಿಲ್ಲ.

ಅತ್ತೆ (ಫಾರ್ವರ್ಡ್): ಎಚ್ಚರ!! ಕಾಫಿ ಗ್ರೈಂಡರ್ ಒಳಗೆ ಸಿಡಿಲಿನ ವಿದ್ಯುತ್! ಜ್ವಾಲಾಮುಖಿ ವಿಜ್ಞಾನಿಗಳೇ ಪತ್ತೆ ಮಾಡಿದ್ದಾರೆ! ನೀರು ಹಾಕಿ ಬಚಾವಾಗಿ. ಹತ್ತು ಜನರಿಗೆ ಕಳಿಸಿ.

ಅತ್ತೆ: ಈ ಮೆಷಿನ್ ಬೇಡ ಅಂತ ಮೊದಲೇ ಹೇಳಿರಲಿಲ್ವಾ?

ಚಿಕ್ಕಪ್ಪ: ಆಧಾರ ಎಲ್ಲಿ?

ಅತ್ತೆ: ಕಳಿಸಿದವರು ಓದಿದವರು, ಸಣ್ಣಣ್ಣ.

ಚಿಕ್ಕಪ್ಪ: ನೀನು ಓದಿದೆಯಾ?

ಅತ್ತೆ: ಮೊದಲ ಸಾಲು ಓದಿದೆ.

ದೊಡ್ಡಪ್ಪ: ಅರೆಯುವುದಕ್ಕೂ ತಾಳ್ಮೆ ಬೇಕು. ಈಗಿನವರಿಗೆ ಗುಂಡಿ ಒತ್ತಿದ ಕೂಡಲೇ ಎಲ್ಲ ಆಗಬೇಕು. ಕೈಯಲ್ಲಿ ಅರೆದರೆ ಎಲ್ಲಿಯ ಸಿಡಿಲು?

ಚಿಕ್ಕಪ್ಪ: ಅಣ್ಣ, ನೀವು ಕೈಯಲ್ಲಿ ಏನು ಅರೆದಿದ್ದೀರಿ? ಅರೆದದ್ದೆಲ್ಲ ನಾನು. ನಿಮಗೆ ಪರೀಕ್ಷೆ ಇರುತ್ತಿತ್ತು. ವರ್ಷವಿಡೀ.

ಅತ್ತೆ ಮಗ: ಅಜ್ಜಿಯ ಗಿರಣಿ ನೆನಪಿದೆಯಾ? ಮಂಡಿಗಳ ಮಧ್ಯೆ ಒತ್ತಿ ಹಿಡಿದು ತಿರುಗಿಸುತ್ತಿದ್ದರು. ಕೆಳಗಿನ ಡ್ರಾಯರ್ ಎಳೆದಾಗ ಎಂಥಾ ಘಮ! ತಿರುಪು ಬಿಗಿ ಮಾಡುವ ಮೊದಲು ಒಳಗಿನದನ್ನೆಲ್ಲ ಅರೆದು ಖಾಲಿ ಮಾಡುತ್ತಿದ್ದರು. ಇಲ್ಲದಿದ್ದರೆ ಹಲ್ಲುಗಳ ನಡುವೆ ಚೂರು ಸಿಕ್ಕಿಕೊಂಡು ತಿರುಪು ಅಲ್ಲಾಡುತ್ತಿರಲಿಲ್ಲ. ಆಮೇಲೆ ನಮಗೆಲ್ಲ ಬೈಗುಳ 😀

ಇದಕ್ಕೆ ಏಳು ಹೃದಯ ಬಿದ್ದವು. ನನ್ನ ಪ್ರಶ್ನೆಗೆ ಉತ್ತರ ಇದರಲ್ಲೇ ಇತ್ತು. ನನಗೂ ಆಗ ಹೊಳೆಯಲಿಲ್ಲ. ಸುಮ್ನೆ ಇರಲಾಗದೆ ಸಿಡಿಲಿನ ಸುದ್ದಿಯ ಮೂಲ ಹುಡುಕುತ್ತಾ ಕೂತಿದ್ದೆ.

ನಾನು: ಸಂಶೋಧನೆ ನಿಜ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದವರದು. 2023ರ ಡಿಸೆಂಬರ್‌ನಲ್ಲಿ 'ಮ್ಯಾಟರ್' ಪತ್ರಿಕೆಯಲ್ಲಿ ಬಂದಿದೆ. ಬೀಜ ಒಡೆದು ಒಂದಕ್ಕೊಂದು ಉಜ್ಜಿದಾಗ ಪುಡಿಯಲ್ಲಿ ಸ್ಥಾಯೀ ವಿದ್ಯುತ್ ಸೇರುತ್ತದೆ. ಕಪ್ಪಗೆ ಹುರಿದ ಒಣ ಬೀಜವಾದರೆ ಜಾಸ್ತಿ. ನುಣ್ಣಗೆ ಅರೆದರೆ ಇನ್ನೂ ಜಾಸ್ತಿ. ಗ್ರಾಂ ಲೆಕ್ಕದಲ್ಲಿ ಗುಡುಗು ಮೋಡಕ್ಕೆ ಹೋಲಿಸಿದ್ದಾರೆ, ಹೌದು. ಆದರೆ 18 ಗ್ರಾಂ ಪುಡಿ ಮೋಡವಲ್ಲ. ಅದು ಗಂಟು ಕಟ್ಟುತ್ತದೆ, ಗ್ರೈಂಡರ್‌ಗೆ ಅಂಟಿಕೊಳ್ಳುತ್ತದೆ. ಅರೆಯುವ ಮೊದಲು ಬೀಜಕ್ಕೆ ಒಂದೆರಡು ಹನಿ ನೀರು ಚಿಮುಕಿಸಿದರೆ ಸಾಕು. ಹನಿ! ಲೋಟ ಅಲ್ಲ.

ಅತ್ತೆ: ಅಂದರೆ ನಾನು ಹೇಳಿದ್ದೇ ಸರಿ.

ಚಿಕ್ಕಪ್ಪ: ನೀನೆಲ್ಲಿ ಹೇಳಿದೆ? ಹೇಳಿದ್ದು ಫಾರ್ವರ್ಡ್.

ದೊಡ್ಡಪ್ಪ: ಅಣ್ಣ ತಂಗಿ ಜಗಳ ಗುಂಪಿನಲ್ಲಿ ಬೇಡ. ಪರೀಕ್ಷೆ ನಾಲ್ಕು ತಿಂಗಳು ಮಾತ್ರ ಇರುತ್ತಿತ್ತು.

ರಾತ್ರಿ ಮಲಗುವಾಗ ಅಜ್ಜಿಯ ತಿರುಪು ತಲೆಗೆ ಬಂತು. ಎದ್ದು ಹೋಗಿ ಮೋಟಾರ್ ಓಡುತ್ತಿರುವಾಗಲೇ ಡಯಲ್ ತಿರುಗಿಸಿದೆ. ಬೆಣ್ಣೆಯ ಹಾಗೆ ಸರಿಯಿತು. ಒಳಗೆ ಉಳಿದಿದ್ದ ಹಳೇ ತರಿ ಹೋಗಲಿ ಅಂತ ಮೊದಲ ನಾಲ್ಕೈದು ಗ್ರಾಂ ಚೆಲ್ಲಿದೆ. 27 ಸೆಕೆಂಡ್! ಬೆಳಿಗ್ಗೆ ಗುಂಪಿಗೆ ಬರೆದೆ. ಯಾರೂ ನೋಡಲಿಲ್ಲ, ಏಕೆಂದರೆ ಅಷ್ಟರಲ್ಲಿ ಚಿಕ್ಕಪ್ಪ ಎರಡು ಫೋಟೊ ಹಾಕಿದ್ದರು.

ಚಿಕ್ಕಪ್ಪ: ನಾನು ಯಾರ ಮಾತನ್ನೂ ಸುಮ್ನೆ ನಂಬುವವನಲ್ಲ. ನನ್ನ ಹಳೇ ಗ್ರೈಂಡರ್‌ನಲ್ಲೇ ಪರೀಕ್ಷೆ ಮಾಡಿದ್ದೇನೆ. ಎರಡು ಸಲವೂ 18 ಗ್ರಾಂ ಬೀಜ. ನೀರಿಲ್ಲದೆ ಹೊರಬಂದ ಪುಡಿ 17.3. ಎರಡು ಹನಿ ನೀರು ಹಾಕಿದಾಗ 17.8. ತೂಕ ಫೋಟೊದಲ್ಲಿದೆ, ನೋಡಿಕೊಳ್ಳಿ.

(ಗ್ರೈಂಡರ್ ಇದ್ದೂ ನನ್ನ ಡಯಲ್ ಬಗ್ಗೆ ಬಾಯಿ ಬಿಟ್ಟಿರಲಿಲ್ಲ!)

ಅಕ್ಕ: ಚಿಕ್ಕಪ್ಪ, ಆ ಮೆಷಿನ್ ಮೂಲೆಯಲ್ಲಿ ಹಸಿರಾಗಿ ಕಾಣುತ್ತಿರುವುದು ಏನು?

ಅತ್ತೆ: ಆಧಾರ ಎಲ್ಲಿ ಅಂತ ಕೇಳುತ್ತಿದ್ದೆಯಲ್ಲ ಸಣ್ಣಣ್ಣ. ಸಿಕ್ಕಿತು.